ಕಮಿಟ್ ನಿಧಾನವೇ? ಮೊದಲು ಯಾವುದನ್ನು ನೋಡಬೇಕು

ಬದಿಯಡ್ಕದ ಅಡಿಕೆ ಅಂಗಡಿಯೊಂದರ ಪೋಸ್ಟ್‌ಗ್ರೆಸ್ ಡೇಟಾಬೇಸ್, ಬಿಲ್ ಉಳಿಸುವಾಗ (ಅಂದರೆ ಕಮಿಟ್ ಮಾಡುವಾಗ) ಮಾತ್ರ ತಡಮಾಡುತ್ತಿದೆ ಎಂದುಕೊಳ್ಳಿ. ಕೈಗೆ ಸಿಗುವ ಸಾಧನಗಳು ಎರಡು.

ಡೇಟಾಬೇಸ್‌ನ ಯಾವ ಸಂಪರ್ಕ ಯಾವುದಕ್ಕೆ ಕಾಯುತ್ತಿದೆ ಎಂದು ತೋರಿಸುವ ಪಟ್ಟಿ ಪಿಜಿ_ಸ್ಟಾಟ್_ಆಕ್ಟಿವಿಟಿ, ಕೆಲಸ ನಡೆಯುತ್ತಿರುವಾಗಲೇ ಉತ್ತರ ಕೊಡುತ್ತದೆ. ಓಡುತ್ತಿರುವ ಅಂಗಡಿಗೆ ನನ್ನ ಮತ ಇದಕ್ಕೇ. ಕಾಯುವಿಕೆಯ ಕಾಲಂನಲ್ಲಿ ಪದೇ ಪದೇ ‘ವಾಲ್‌ಸಿಂಕ್’ ಕಂಡರೆ, ಬದಲಾವಣೆಗಳನ್ನು ಮೊದಲು ಬರೆದಿಡುವ ಲಾಗ್ ಡಿಸ್ಕ್‌ಗೆ ಇಳಿಯುವುದು ತಡವಾಗುತ್ತಿದೆ. ‘ಸಿಂಕ್‌ರೆಪ್’ ಕಂಡರೆ ಡಿಸ್ಕನ್ನು ಬೈಯಬೇಡಿ, ಮಂಗಳೂರಿನಲ್ಲಿಟ್ಟ ನಕಲು ಸರ್ವರ್‌ನ ಒಪ್ಪಿಗೆಗೆ ಕಾಯುತ್ತಿದೆ. ಒಂದೇ ಸಲ ನೋಡಿ ತೀರ್ಮಾನಿಸಬಾರದು, ಅಷ್ಟೆ.

ಪಿಜಿ_ಟೆಸ್ಟ್_ಎಫ್‌ಸಿಂಕ್ ಡಿಸ್ಕನ್ನಷ್ಟೇ ಅಳೆಯುತ್ತದೆ. ಎಫ್‌ಸಿಂಕ್ ಎಂದರೆ ಬರೆದದ್ದನ್ನು ನಿಜಕ್ಕೂ ಡಿಸ್ಕ್‌ಗೆ ಇಳಿಸು ಎನ್ನುವ ಆದೇಶ. ನಿಮಿಷಕ್ಕೆ 7200 ಸುತ್ತುವ ಹಾರ್ಡ್‌ಡಿಸ್ಕ್ ಸೆಕೆಂಡಿಗೆ ಸುಮಾರು 120 ಎಫ್‌ಸಿಂಕ್ ಮಾಡಬಲ್ಲದು. ಅಂಥ ಡಿಸ್ಕ್ ಸಾವಿರಾರು ತೋರಿಸಿದರೆ ಬ್ಯಾಟರಿಯಿಲ್ಲದ ಕ್ಯಾಶ್ (ಬರೆಯಬೇಕಾದ್ದನ್ನು ತಾತ್ಕಾಲಿಕವಾಗಿ ಹಿಡಿದಿಡುವ ಮೆಮೊರಿ) ಡಿಸ್ಕ್‌ಗೆ ಇಳಿಯಿತೆಂದು ಸುಳ್ಳು ಹೇಳುತ್ತಿರಬಹುದು, ಮಳೆಗಾಲದಲ್ಲಿ ಕರೆಂಟಿನೊಂದಿಗೆ ಲೆಕ್ಕವೂ ಹೋದೀತು. ಯಂತ್ರ ಕೊಳ್ಳುವ ಮುನ್ನ ಇದನ್ನು ಓಡಿಸಿ, ಗಿರಾಕಿಗಳು ನಿಂತಿರುವಾಗ ಬೇಡ.