ಒಂದೇ ಏಟಿಗೆ ಅದುಮಿ ತಿರುಚುವ ಟೆಸ್ಟ್: ಯಂತ್ರಕ್ಕೆ ಫುಲ್ ಮಾರ್ಕ್ಸ್, ರಿಪೋರ್ಟ್‌ಗೆ ಇಲ್ಲ

ಟೈಟಾನಿಯಂ ಮಿಶ್ರಲೋಹದ ಹತ್ತು ಪುಟ್ಟ ಕೊಳವೆಗಳನ್ನು ಒಂದು ಲ್ಯಾಬ್‌ಗೆ ಟೆಸ್ಟಿಂಗ್‌ಗೆ ಕೊಟ್ಟಿದ್ದೆ. ಹೆಸರು ಬೇಡ. ಸುಮ್ನೆ ಅದುಮಿ ನೋಡೋಕೆ ಎಷ್ಟೋ ಕಡೆ ಯಂತ್ರ ಇದೆ, ನನಗೆ ಬೇಕಿದ್ದದ್ದು ಅದುಮುವುದು ಮತ್ತು ತಿರುಚುವುದು ಎರಡೂ ಒಟ್ಟಿಗೆ, ಅದೂ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಬೇಗ.

ಯಂತ್ರ ಹಾಪ್ಕಿನ್‌ಸನ್ ಬಾರ್, ಅಂದ್ರೆ ಉದ್ದನೆಯ ಲೋಹದ ಸರಳಿಗೆ ಏಟು ಕೊಟ್ಟು, ಅದರೊಳಗೆ ಓಡುವ ಅಲೆಯಿಂದ ಸ್ಯಾಂಪಲ್ ಟೆಸ್ಟ್ ಮಾಡುವ ಸಾಧನ. 1949ರಲ್ಲಿ ಕೋಲ್ಸ್ಕಿ ಎಂಬ ವಿಜ್ಞಾನಿ ಸರಳನ್ನು ಎರಡು ಮಾಡಿ ನಡುವೆ ಸ್ಯಾಂಪಲ್ ಇಟ್ಟರಲ್ಲ, ಅದೇ ಜಾತಿ. ಇವರದ್ದರಲ್ಲಿ ಗ್ಯಾಸ್ ಒತ್ತಡದಿಂದ ಹೊಡೆಯುವ ಗ್ಯಾಸ್ ಗನ್ ಇಲ್ಲ, ಕೆಪಾಸಿಟರ್‌ನಲ್ಲಿ ಕೂಡಿಟ್ಟ ಕರೆಂಟನ್ನು ಕಾಯಿಲ್‌ಗೆ ಬಿಟ್ಟು ಏಟು ಕೊಡುತ್ತಾರೆ. ಇದು ಯಾಕೆ ಮುಖ್ಯ ಅಂದ್ರೆ, ಉಕ್ಕಿನ ಸರಳಿನಲ್ಲಿ ಅದುಮುವ ಅಲೆ ಸೆಕೆಂಡಿಗೆ ಸುಮಾರು 5000 ಮೀಟರ್ ಓಡುತ್ತದೆ, ತಿರುಚುವ ಅಲೆ ಬರೀ 3200. ಎರಡು ಮೀಟರ್ ದಾಟುವಷ್ಟರಲ್ಲಿ 225 ಮೈಕ್ರೋಸೆಕೆಂಡ್ ಹಿಂದೆ ಬೀಳುತ್ತದೆ. ಏಟೇ ಇರುವುದು ಹೆಚ್ಚುಕಮ್ಮಿ ಅಷ್ಟು ಹೊತ್ತು! ಒಟ್ಟಿಗೆ ಬಿಟ್ಟರೆ ಒಂದು ಮುಗಿದ ಮೇಲೆ ಇನ್ನೊಂದು ಬರುತ್ತದೆ, ಆಗ ಅದು ಒಟ್ಟಿಗಿನ ಟೆಸ್ಟ್ ಅಲ್ಲವೇ ಅಲ್ಲ. ಹಾಗಾಗಿ ತಿರುಚನ್ನು ಮೊದಲು ಬಿಡಬೇಕು, ಆ ಲೆಕ್ಕವನ್ನು ಕರೆಂಟ್ ಕರಾರುವಾಕ್ಕಾಗಿ ಪಾಲಿಸುತ್ತದೆ. ಇಷ್ಟು ಅವರು ಚೆನ್ನಾಗಿಯೇ ಮಾಡಿದ್ದರು.

ತೊಂದರೆ ಬಂದದ್ದು ರಿಪೋರ್ಟ್‌ನಲ್ಲಿ. ಹತ್ತೂ ಗ್ರಾಫ್ ಬೆಣ್ಣೆ ಸವರಿದ ಹಾಗೆ ನುಣುಪು. ಅನುಮಾನ ಬಂದು ಸ್ಟ್ರೇನ್ ಗೇಜ್‌ಗಳ (ಸರಳು ಎಷ್ಟು ಹಿಗ್ಗಿತು, ಕುಗ್ಗಿತು, ತಿರುಚಿತು ಅಂತ ಅಳೆಯುವ ಪಟ್ಟಿಗಳು) ಕಚ್ಚಾ ಸಿಗ್ನಲ್ ಕೇಳಿದೆ. ಮೂರು ಸಲ ಕೇಳಿದ ಮೇಲೆ ಕೊಟ್ಟರು. ನೋಡಿದರೆ ಮೂರು ಸ್ಯಾಂಪಲ್‌ನಲ್ಲಿ ತಿರುಚು ತಡವಾಗಿ ಹತ್ತಿದೆ, ಅದನ್ನು ಫಿಲ್ಟರ್ ಹಾಕಿ ಮುಚ್ಚಿದ್ದಾರೆ! ಕಾರಣ ಚಿಕ್ಕದು: ಕೊಳವೆಯ ಎರಡೂ ತುದಿ ಬೋಲ್ಟ್ ತಲೆಯ ಹಾಗೆ ಆರು ಮೂಲೆಯದ್ದು, ಅದು ಕೂರುವ ಗುಳಿ ಕೂದಲೆಳೆಯಷ್ಟು ಸಡಿಲ. ತಿರುಚುವ ಅಲೆ ಮೊದಲು ಆ ಸಡಿಲ ತುಂಬಿಸಿ ಆಮೇಲೆ ಲೋಹವನ್ನು ಹಿಡಿಯುತ್ತದೆ. 'ಅಷ್ಟು ವ್ಯತ್ಯಾಸ ನಡೆಯುತ್ತೆ ಸರ್' ಅಂದರು. ನಡೆಯಲ್ಲ. ಕೊನೆಗೆ ಗುಳಿ ಸರಿಮಾಡಿ, ಮೂರನ್ನೂ ದುಡ್ಡಿಲ್ಲದೆ ಮತ್ತೆ ಮಾಡಿಕೊಟ್ಟರು, ಅದನ್ನು ಒಪ್ಪಬೇಕು.

ಮುರಿದ ತುಂಡುಗಳು ಮಾತ್ರ ಕಾಸಿಗೆ ಮೋಸ ಇಲ್ಲ. ಒಂದನ್ನು ಕತ್ತರಿಸಿ, ಪಾಲಿಶ್ ಮಾಡಿ, ಆಸಿಡ್ ಹಚ್ಚಿ ಮೈಕ್ರೋಸ್ಕೋಪ್ ಕೆಳಗಿಟ್ಟೆ. ಬಿರುಕಿನ ಪಕ್ಕದಲ್ಲೇ ಸಣ್ಣ ಬಿಳಿ ಗೆರೆ. ಟೈಟಾನಿಯಂ ಶಾಖವನ್ನು ಬೇಗ ಹರಿಯಬಿಡಲ್ಲ, ಇಷ್ಟು ವೇಗದಲ್ಲಿ ಬಿಸಿ ಅಲ್ಲೇ ನಿಂತು ಆ ಜಾಗ ಮೆತ್ತಗಾಗಿ, ಮೆತ್ತಗಾದಲ್ಲೇ ಮತ್ತೆ ಜಾರುತ್ತದೆ. ನಿಧಾನಕ್ಕೆ ತಿರುಚಿದ ಕೊಳವೆಯಲ್ಲಿ ಈ ಗೆರೆ ಕಾಣಲೇ ಇಲ್ಲ.

5ಕ್ಕೆ 3.5. ಮುಂದಿನ ಸಲ ಉಕ್ಕಿನ ಸ್ಯಾಂಪಲ್ ಇವರಿಗೇ ಕೊಡುತ್ತೇನೆ, ಆದರೆ ಕಚ್ಚಾ ಸಿಗ್ನಲ್ ಫೈಲ್ ಕೊಡಬೇಕು ಅಂತ ಆರ್ಡರ್‌ನಲ್ಲೇ ಬರೆಸಿಯೇ ಕೊಡುವುದು.