ಕರೆಂಟಿನ ಕಿಲ್ನ್ ಕೊಳ್ಳುವ ಮುಂಚೆ ಇದನ್ನು ಓದಿ

ಕುಂಬಾರಿಕೆ ಕಲಿತು ಮನೆಯಲ್ಲೇ ಸಣ್ಣ ಸ್ಟುಡಿಯೋ ಮಾಡಿಕೊಳ್ಳಬೇಕು ಅಂದುಕೊಂಡಿರುವ ಬೆಂಗಳೂರಿನವರಿಗೆ ಇದನ್ನು ಬರೆಯುತ್ತಿದ್ದೇನೆ. ವೀಲ್, ಮಣ್ಣು, ಉಪಕರಣ ಎಲ್ಲ ಧಾರಾಳವಾಗಿ ತನ್ನಿ. ಪಾತ್ರೆ ಸುಡುವ ಗೂಡು, ಅಂದರೆ ಕಿಲ್ನ್ ಮಾತ್ರ ಮಾರುವವರ ಬಾಯಿಮಾತು ನಂಬಿ ತರಬೇಡಿ.

ವಾರಾಂತ್ಯದ ಕ್ಲಾಸಿನಲ್ಲಿ ವೀಲ್ ಮೇಲೆ ಮಣ್ಣು ಅಲುಗಾಡದೆ ನಿಂತಾಗಲೇ ನನಗೆ ಈ ಹುಚ್ಚು ಹಿಡಿದಿತ್ತು. ಜಯನಗರದ ನಮ್ಮ ಬಾಡಿಗೆ ಮನೆಯಲ್ಲಿ ಯುಟಿಲಿಟಿ ಜಾಗ ದೊಡ್ಡದಿದೆ. ಹೋಮ್ ಸ್ಟುಡಿಯೋ ಸೆಟ್ ಮಾರುವವರೊಬ್ಬರು ಸಿಕ್ಕರು. ಮನೆಯ ಕರೆಂಟಿಗೆ ನಡೆಯುತ್ತಾ, ಸ್ಟೋನ್‌ವೇರ್ (ಹೆಚ್ಚು ಬಿಸಿಯಲ್ಲಿ ಬೇಯಿಸಿದ, ನೀರು ಜಿನುಗದ ಗಟ್ಟಿ ಪಾತ್ರೆ) ಸುಡಬಹುದಾ ಅಂತ ಬಿಡಿಸಿ ಕೇಳಿದೆ. "ಗೀಸರ್ ಪ್ಲಗ್ಗಿಗೇ ಹಾಕಿ ಮೇಡಂ, 1250 ಡಿಗ್ರಿ ಆರಾಮಾಗಿ ಹೋಗುತ್ತೆ" ಅಂದರು. ನಂಬಿ ಕೊಂಡೆ. ಎರಡೂ ಸುಳ್ಳು.

ಕಿಲ್ನ್ 6 ಕಿಲೋವ್ಯಾಟಿನದು. 230 ವೋಲ್ಟಿನಲ್ಲಿ ಅದು ಸುಮಾರು 26 ಆಂಪ್ಸ್ ಎಳೆಯುತ್ತದೆ. ಗೀಸರ್ ಪ್ಲಗ್ 16 ಆಂಪ್ಸಿನದು. ಗೀಸರ್ ಸ್ವಲ್ಪ ಹೊತ್ತಿಗೆ ಆಫ್ ಆಗುತ್ತದೆ, ಕಿಲ್ನ್ ಗಂಟೆಗಟ್ಟಲೆ ಉರಿಯುತ್ತದೆ. ಪ್ಲಗ್ ಕರಗಿ ಸುಟ್ಟ ವಾಸನೆ ಬಂತು. ಮಗಳು ಪಕ್ಕದ ರೂಮಿನಲ್ಲೇ ಮಲಗಿದ್ದಳು. ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ. ಮಾಲೀಕರನ್ನು ಒಪ್ಪಿಸಿ, ಬೆಸ್ಕಾಂಗೆ ಅರ್ಜಿ ಹಾಕಿ ಲೋಡ್ ಹೆಚ್ಚಿಸಿಕೊಂಡು, ಬೇರೆ ಲೈನ್ ಎಳೆಸಿದೆವು. ನಿಮ್ಮ ಮನೆಗೆ ಎಷ್ಟು ಲೋಡ್ ಮಂಜೂರಾಗಿದೆ ಅನ್ನೋದು ಕರೆಂಟ್ ಬಿಲ್ಲಿನಲ್ಲೇ ಇರುತ್ತದೆ. ಮೊದಲು ಅದನ್ನು ನೋಡಿ.

ಇಷ್ಟಾದ ಮೇಲೂ ಕಪ್‌ಗಳು ಸರಿಯಾಗಿ ಬೇಯಲಿಲ್ಲ. ನೀರು ಹಾಕಿಟ್ಟರೆ ಬೆಳಿಗ್ಗೆ ಮೇಜು ಒದ್ದೆ. ಕಿಲ್ನ್ ಒಳಗಿನ ಬಿಸಿ ತೋರಿಸುವ ಮೀಟರ್ ಮಾತ್ರ 1240 ಡಿಗ್ರಿ ತೋರಿಸುತ್ತಿತ್ತು. ನಮಗೆ ಕಲಿಸಿದ ಟೀಚರ್ ಒಳಗೆ ಆರನೇ ನಂಬರಿನ ಕೋನ್ (ಬಿಸಿ ಪರೀಕ್ಷಿಸುವ ಪುಟ್ಟ ಶಂಕು) ಇಡಲು ಹೇಳಿದರು. ಅಷ್ಟು ಬಿಸಿ ತಗುಲಿದರೆ ಅದು ಬಾಗಲೇಬೇಕು. ನೆಟ್ಟಗೆ ನಿಂತೇ ಇತ್ತು! ಕೆಂಪು ಮಣ್ಣಿನ ಹಣತೆ, ಮಡಕೆ 1000 ಡಿಗ್ರಿಯೊಳಗೇ ಬೇಯುತ್ತವೆ. ಸ್ಟೋನ್‌ವೇರ್‌ಗೆ ಅದು ಸಾಲದು. ಬಿಚ್ಚಿ ನೋಡಿದರೆ ಕಾಯಿಲ್, ಅಂದರೆ ಕಾಯುವ ತಂತಿಯ ಸುರುಳಿ, ನೈಕ್ರೋಮ್‌ನದು. ಈ ಬಿಸಿಗೆ ಕಾಂತಾಲ್ ಎ-1 ಥರದ, ಇನ್ನೂ ಹೆಚ್ಚು ಬಿಸಿ ತಾಳುವ ತಂತಿ ಬೇಕು. ಮಾರಿದವರು "ನಿಮ್ಮ ಮಣ್ಣೇ ಸರಿಯಿಲ್ಲ" ಅಂದರು. ಆಮೇಲೆ ಫೋನ್ ಎತ್ತಲೇ ಇಲ್ಲ.

ಎಷ್ಟು ಕಿಲೋವ್ಯಾಟ್, ಸಿಂಗಲ್ ಫೇಸಾ ತ್ರೀ ಫೇಸಾ, ಯಾವ ಕಾಯಿಲ್ ಅನ್ನೋದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ನಿಮ್ಮೆದುರೇ ಕೋನ್ ಇಟ್ಟು ಸುಟ್ಟು ತೋರಿಸಲಿ. ಒಪ್ಪದಿದ್ದರೆ ಅಡ್ವಾನ್ಸ್ ಕೂಡ ಕೊಡಬೇಡಿ.

ಅಲ್ಲಿವರೆಗೆ ಕಿಲ್ನ್ ಇಲ್ಲದೆಯೂ ನಡೆಯುತ್ತದೆ. ನಗರದ ಕೆಲವು ಸ್ಟುಡಿಯೋಗಳು ದುಡ್ಡು ತಗೊಂಡು ಬೇರೆಯವರ ಪಾತ್ರೆಗಳನ್ನೂ ಸುಟ್ಟುಕೊಡುತ್ತವೆ. ನಾನೀಗ ಅಲ್ಲೇ ಕೊಡುತ್ತಿದ್ದೇನೆ. ಯಾವ ಮಣ್ಣು, ಯಾವ ಗ್ಲೇಜ್ (ಗಾಜಿನಂಥ ಲೇಪ) ಅಂತ ಮರೆಯದೆ ಹೇಳಿ. ಕಡಿಮೆ ಬಿಸಿಯ ಮಣ್ಣು ಅವರ ಕಿಲ್ನ್‌ನಲ್ಲಿ ಕರಗಿದರೆ ಪಕ್ಕದಲ್ಲಿರುವವರ ಪಾತ್ರೆಗಳೂ ಹಾಳಾಗುತ್ತವೆ.