ಮಗು ಬೇಕು ಅನ್ನೋರು ಟೆಸ್ಟೋಸ್ಟೆರಾನ್ ಚುಚ್ಚಿಸಿಕೊಳ್ಳೋ ಮುಂಚೆ ಇದನ್ನ ಓದಿ

ಬರೆಯೋಕೆ ಮುಜುಗರ ಆಗ್ತಿದೆ. ಆದ್ರೂ ಬರೀತಿದ್ದೀನಿ, ನನಗೆ ಇದನ್ನ ಮೊದಲೇ ಹೇಳೋರು ಯಾರೂ ಇರಲಿಲ್ಲ.

ವಯಸ್ಸು 34, ಮದುವೆಯಾಗಿ ಮೂರು ವರ್ಷ. ಸದಾ ಸುಸ್ತು, ಯಾವುದಕ್ಕೂ ಮನಸ್ಸಿಲ್ಲ, ಹೊಟ್ಟೆ ಮಾತ್ರ ಮುಂದೆ. ಜಿಮ್ಮಿನ ಗೆಳೆಯ ಹೇಳಿದ ಅಂತ ಬೆಂಗಳೂರಿನ ಒಂದು ಕ್ಲಿನಿಕ್ಕಿಗೆ ಹೋದೆ. ಆಫೀಸ್ ಮುಗಿಸಿ ಸಂಜೆ ಆರಕ್ಕೆ ರಕ್ತ ಕೊಟ್ಟೆ, ಟೆಸ್ಟೋಸ್ಟೆರಾನ್ (ಗಂಡಸರ ಹಾರ್ಮೋನು) 238 ಬಂತು, ಕಡಿಮೆ ಅಂದ್ರು. ಅವತ್ತೇ ಇಂಜೆಕ್ಷನ್ ಶುರು, ಮೂರು ವಾರಕ್ಕೊಂದು, 250 ಮಿಲಿಗ್ರಾಂ. ಮಕ್ಕಳಿದ್ದಾರಾ, ಇನ್ನು ಬೇಕಾ ಅಂತ ಒಂದು ಮಾತೂ ಕೇಳಲಿಲ್ಲ.

ಸುಳ್ಳು ಹೇಳಲ್ಲ, ಮೈಗೆ ಹುರುಪು ಬಂತು. ಅದಕ್ಕೇ ಹತ್ತು ತಿಂಗಳು ಅನುಮಾನವೇ ಬರಲಿಲ್ಲ. ಊರಿಗೆ ಹೋದಾಗೆಲ್ಲ "ಏನಮ್ಮ, ವಿಶೇಷ ಏನಾದ್ರೂ?" ಅಂತ ಕೇಳ್ತಿದ್ದದ್ದು ಹೆಂಡತಿಯನ್ನ. ಸ್ಕ್ಯಾನಿಂಗ್, ಟ್ಯೂಬ್ ಟೆಸ್ಟ್ ಎಲ್ಲ ಅವಳಿಗೇ ಆಯ್ತು. ಕೊನೆಗೆ ನನ್ನ ವೀರ್ಯ ಪರೀಕ್ಷೆ. ಕಡಿಮೆ ಅಲ್ಲ, ಸೊನ್ನೆ. ಇನ್ನೊಂದು ಲ್ಯಾಬಿನಲ್ಲೂ ಸೊನ್ನೆ.

ಯುರಾಲಜಿಸ್ಟ್ ಕೇಳಿದ ಮೊದಲ ಪ್ರಶ್ನೆಯೇ "ಇಂಜೆಕ್ಷನ್ ಏನಾದ್ರೂ ತಗೋತಿದ್ದೀರಾ?" ಹೊರಗಿಂದ ಟೆಸ್ಟೋಸ್ಟೆರಾನ್ ಬಂದ್ರೆ ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿ, ವೃಷಣಕ್ಕೆ ಕೆಲಸ ಹೇಳೋ ಎಲ್‌ಎಚ್, ಎಫ್‌ಎಸ್‌ಎಚ್ ಅನ್ನೋ ಹಾರ್ಮೋನು ಕಳಿಸೋದನ್ನ ನಿಲ್ಲಿಸಿಬಿಡುತ್ತಂತೆ. ಅವಿಲ್ಲದೆ ವೃಷಣಕ್ಕೆ ಕೆಲಸವೇ ಇಲ್ಲ; ರಕ್ತದಲ್ಲಿ ತುಂಬಿ ತುಳುಕಿದ್ರೂ ಅಲ್ಲಿ ಬರಗಾಲ. ವಾರಕ್ಕೆ 200 ಮಿಲಿಗ್ರಾಂ ಕೊಟ್ಟು ಇದನ್ನೇ ಗಂಡಸರ ಗರ್ಭನಿರೋಧಕವಾಗಿ ವಿಶ್ವ ಆರೋಗ್ಯ ಸಂಸ್ಥೆ ಪರೀಕ್ಷೆ ಮಾಡಿ 1990ರಲ್ಲೇ ಪ್ರಕಟಿಸಿದೆ. ಮಗುವಿಗೆ ಅಂತ ಹರಕೆ ಹೊತ್ತು, ಚುಚ್ಚಿಸಿಕೊಳ್ತಿದ್ದದ್ದು ಗರ್ಭನಿರೋಧಕ!

ಹೊಟ್ಟೆ ಉರಿಯೋದು ಬೇರೆ ದಾರಿ ಇತ್ತು ಅನ್ನೋದಕ್ಕೆ. ಕ್ಲೋಮಿಫೀನ್ ಮಾತ್ರೆ ಪಿಟ್ಯುಟರಿಯನ್ನ ಎಬ್ಬಿಸಿ ನಮ್ಮ ವೃಷಣದಿಂದಲೇ ಟೆಸ್ಟೋಸ್ಟೆರಾನ್ ಮಾಡಿಸುತ್ತೆ. ಎಚ್‌ಸಿಜಿ ಇಂಜೆಕ್ಷನ್ ಎಲ್‌ಎಚ್‌ನ ಕೆಲಸ ಮಾಡುತ್ತೆ. (ಪ್ರೆಗ್ನೆನ್ಸಿ ಕಿಟ್ಟಿನಲ್ಲಿ ಎರಡು ಗೆರೆ ಮೂಡಿಸೋದೂ ಇದೇ ಹಾರ್ಮೋನು.) ಕ್ಲೋಮಿಫೀನ್ ಚೀಟಿ ನೋಡಿ ಮೆಡಿಕಲ್ ಶಾಪಿನವರು "ಇದು ಲೇಡೀಸ್‌ಗಲ್ವಾ ಸಾರ್?" ಅಂದ್ರು. ಹಾಗಂತ ನೀವೇ ತಗೊಂಡು ನುಂಗಬೇಡಿ. ಎಲ್‌ಎಚ್, ಎಫ್‌ಎಸ್‌ಎಚ್ ಮೊದಲೇ ಏರಿದ್ರೆ ತೊಂದರೆ ವೃಷಣದಲ್ಲೇ, ಈ ಮಾತ್ರೆಯಿಂದ ಹೆಚ್ಚು ಉಪಯೋಗ ಇಲ್ಲ. ಕಣ್ಣು ಮಂಜಾದ್ರೆ ತಕ್ಷಣ ಡಾಕ್ಟರಿಗೆ ಹೇಳಬೇಕು.

ಇನ್ನೊಂದು, ಟೆಸ್ಟೋಸ್ಟೆರಾನ್ ಬೆಳಗ್ಗೆ ಹೆಚ್ಚು, ಸಂಜೆಗೆ ಇಳಿಯುತ್ತೆ. ಬೆಳಗ್ಗೆಯ ರಕ್ತದಲ್ಲಿ, ಬೇರೆ ಬೇರೆ ದಿನ ಎರಡು ಸಲ ನೋಡಿದ ಮೇಲೇ ಕಡಿಮೆ ಅನ್ನಬೇಕಂತೆ. ನನ್ನ 238 ನಿಜವೋ ಸಂಜೆಯ ಲೆಕ್ಕವೋ ಇನ್ನು ಗೊತ್ತಾಗಲ್ಲ. ಆ ಕ್ಲಿನಿಕ್ಕಿನಲ್ಲಿ ಎಲ್‌ಎಚ್ ನೋಡಲಿಲ್ಲ, ವೀರ್ಯ ಪರೀಕ್ಷೆಯ ಹೆಸರೂ ಎತ್ತಲಿಲ್ಲ. ನೀವು ಬಾಯಿಬಿಟ್ಟು ಕೇಳಿ.

ಇಂಜೆಕ್ಷನ್ ನಿಲ್ಲಿಸಿ ಎಂಟು ತಿಂಗಳಾಯ್ತು. ಮೊದಲ ಮೂರು ತಿಂಗಳು ಹಾಸಿಗೆಯಿಂದ ಏಳೋಕೇ ಆಗ್ತಿರಲಿಲ್ಲ. ವೀರ್ಯಾಣು ತಯಾರಾಗೋಕೇ ಎರಡೂವರೆ ತಿಂಗಳು ಬೇಕು, ಕೆಲವರಿಗೆ ಪೂರ್ತಿ ಚೇತರಿಸೋಕೆ ಎರಡು ವರ್ಷವೂ ಹಿಡಿಯುತ್ತಂತೆ. ಮೊನ್ನೆ ಮಿಲಿಲೀಟರಿಗೆ 40 ಲಕ್ಷ ಬಂದಿದೆ. 1 ಕೋಟಿ 60 ಲಕ್ಷದ ಮೇಲಿರಬೇಕು. ರಿಪೋರ್ಟ್ ನೋಡಿ ಹೆಂಡತಿ "ಸೊನ್ನೆ ಅಂತೂ ಅಲ್ವಲ್ಲ" ಅಂದಳು. ಊರಲ್ಲಿ ಈಗ ವಿಶೇಷ ಕೇಳಿದ್ರೆ ಉತ್ತರ ನಾನೇ ಕೊಡ್ತೀನಿ.